ಇಪ್ಪತ್ತೊಂದು ದಿನದ ದಿಂಬು

ಫೆಬ್ರವರಿ 3, ಸೋಮವಾರ

ಬೆಳಿಗ್ಗೆ ಸ್ನಾನ ಮುಗಿಸಿ, ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು, ಚೀಲ ಹೆಗಲಿಗೇರಿಸಿ ಬಾಗಿಲವರೆಗೆ ಹೋದ ಮೇಲೆ ನೆನಪಾಯಿತು: ಹೋಗಲು ಕಚೇರಿ ಇಲ್ಲ. ನಾದಿನಿ ಹೊಲಿಗೆ ಯಂತ್ರದಿಂದ ತಲೆ ಎತ್ತಿ ನೋಡಿದಳು. ಹಾಲು ತೆಗೆದುಕೊಳ್ಳಲು ಬಂದವಳಂತೆ ಬಾಗಿಲು ತೆರೆದು ನೋಡಿದೆ. ಹಾಲು ಆಗಲೇ ಒಳಗಿತ್ತು.

ಹದಿನೇಳು ವರ್ಷ ಗೃಹೋಪಕರಣ ಮಾರುವ ಕಂಪನಿಯ ದೂರು ವಿಭಾಗದಲ್ಲಿದ್ದೆ. ಫ್ಯಾನು ಕಿರುಗುಟ್ಟುತ್ತದೆ, ಮಿಕ್ಸರ್ ಹೊಗೆ ಬಿಡುತ್ತದೆ, ಇಸ್ತ್ರಿಪೆಟ್ಟಿಗೆ ಹೊಸ ಬಟ್ಟೆ ಸುಟ್ಟಿತು ಎಂದು ಊರಿನ ಅರ್ಧ ಜನ ನನ್ನ ಕಿವಿಯಲ್ಲಿ ಕೂಗಾಡಿದ್ದಾರೆ. ಶುಕ್ರವಾರ ವಿಭಾಗವನ್ನೇ ಮುಚ್ಚಿದರು. ಇನ್ನು ದೂರು ಕೇಳುವುದು ಯಂತ್ರವಂತೆ. ಎದುರು ಮೇಜಿನವಳು ಬಿಕ್ಕಿ ಬಿಕ್ಕಿ ಅತ್ತಳು. ನಾನು ಅಳಲಿಲ್ಲ. ಅಷ್ಟು ವರ್ಷ ಬೇರೆಯವರ ಅಳು ಕೇಳಿದವಳಿಗೆ ತನ್ನದು ಕೊಂಚ ನಾಟಕದಂತೆ ಕಾಣುತ್ತದೆ.

ನನ್ನ ಗಂಡ ತೀರಿಕೊಂಡು ಆರು ವರ್ಷ. ಅವರ ತಂಗಿ ಎಲ್ಲಿಗೂ ಹೋಗದೆ ನನ್ನ ಜೊತೆಗೇ ಉಳಿದಳು. ಅವಳು ನನಗೆಂದು ಹೊಲಿದ ಬೆನ್ನುದಿಂಬನ್ನು ನೋಡಿ ಕಚೇರಿಯಲ್ಲಿ ಹನ್ನೆರಡು ಜನ ಅದೇ ಬೇಕೆಂದು ಮಾಡಿಸಿಕೊಂಡಿದ್ದರು. ಇದನ್ನೇ ಆನ್‌ಲೈನ್‌ನಲ್ಲಿ ಮಾರಿದರೆ ಹೇಗೆ ಎಂದು ಮಧ್ಯಾಹ್ನ ಕೇಳಿದೆ.

‘ಹೊಲಿಯೋದು ನಾನು, ಮಾರೋದು ನೀವು. ಮಾತು ನನಗೆ ಬರಲ್ಲ ಅತ್ತಿಗೆ,’ ಎಂದಳು.

ಮಾತು ನನಗೆ ಬರುತ್ತದೆ. ಇಷ್ಟು ವರ್ಷ ಅದನ್ನೇ ತಿಂದು ಬದುಕಿದ್ದೇನೆ.

ಫೆಬ್ರವರಿ 12, ಬುಧವಾರ

ಆನ್‌ಲೈನ್ ಅಂಗಡಿ ಇಡುವುದು ಹೇಗೆಂದು ಕಲಿಸುವವನೊಬ್ಬನ ಉಚಿತ ಪಾಠ ಕೇಳಿದೆ. ಎಲ್ಲರೂ ಅವನನ್ನು ‘ಕೋಚ್’ ಎನ್ನುತ್ತಾರೆ. ವಯಸ್ಸು ಮೂವತ್ತು ದಾಟಿರಲಾರದು. ಅಂಗೈಯಲ್ಲಿ ಆಕಾಶ ತೋರಿಸುವ ಜಾತಿ. ಕಾಗದ ಪೆನ್ನು ಇಟ್ಟುಕೊಂಡು ಅವನ ಒಂದೊಂದು ಮಾತಿಗೂ ಗುರುತು ಹಾಕುತ್ತ ಕೂತೆ.

ಕಂಪನಿಯ ವಕೀಲರು ನಮಗೆ ಒಂದು ಸೂತ್ರ ಕಲಿಸಿದ್ದರು. ‘ಪ್ರಪಂಚದಲ್ಲೇ ಮೃದುವಾದ ಹಾಸಿಗೆ’ ಅಂದರೆ ಉತ್ಪ್ರೇಕ್ಷೆ, ಏಕೆಂದರೆ ಯಾರಿಗೂ ಅಳೆಯಲು ಬಾರದು. ‘ಹತ್ತು ವರ್ಷ ಕುಸಿಯುವುದಿಲ್ಲ’ ಅಂದರೆ ಅಳೆಯಬಹುದು. ಅದು ಗೊತ್ತಿದ್ದೂ ಹೇಳಿದ ಸುಳ್ಳಾದರೆ ಮೋಸ. ಮೊದಲನೆಯ ಬಗೆಯ ದೂರು ಬಂದರೆ ನಗುತ್ತ ಸಾಗಹಾಕು, ಎರಡನೆಯದು ಬಂದರೆ ನನ್ನ ಹತ್ತಿರ ಕಳಿಸು ಎನ್ನುತ್ತಿದ್ದರು.

‘ನಿಮ್ಮ ಬದುಕೇ ಬದಲಾಗುತ್ತೆ’ ಎಂದ. ಉತ್ಪ್ರೇಕ್ಷೆ. ‘ಮಲಗಿದ್ದಾಗಲೂ ದುಡ್ಡು ಬರುತ್ತೆ.’ ಉತ್ಪ್ರೇಕ್ಷೆ. ‘ತೊಂಬತ್ತು ದಿನದಲ್ಲಿ ಕೊಟ್ಟ ಶುಲ್ಕದ ಎರಡರಷ್ಟು ಗಳಿಸದಿದ್ರೆ ಪೂರ್ತಿ ಹಣ ವಾಪಸ್.’ ಇದು ಅಳತೆಗೆ ಸಿಗುತ್ತದೆ. ಇದುವರೆಗೆ ಎಷ್ಟು ಜನಕ್ಕೆ ವಾಪಸ್ ಕೊಟ್ಟಿದ್ದೀರಿ ಎಂದು ಬರೆದು ಕಳಿಸಿದೆ. ಅವನು ಪಾಠ ನಿಲ್ಲಿಸಿ ನನ್ನ ಪ್ರಶ್ನೆಯನ್ನು ಎಲ್ಲರಿಗೂ ಓದಿ ಹೇಳಿ, ‘ನೋಡಿ, ಇಂಥ ಪ್ರಶ್ನೆ ಕೇಳೋರೇ ಕೊನೆಗೆ ಗೆಲ್ಲೋದು,’ ಎಂದ.

ಎಷ್ಟು ಜನಕ್ಕೆ ಎಂದು ಮಾತ್ರ ಹೇಳಲಿಲ್ಲ. ಅದು ಪಾಠ ಮುಗಿದು ಪಾತ್ರೆ ತೊಳೆಯುವಾಗ ಹೊಳೆಯಿತು. ಆದರೂ ಹದಿನೇಳು ವರ್ಷದಲ್ಲಿ ನನ್ನ ಪ್ರಶ್ನೆಯನ್ನು ಯಾರೂ ಎಲ್ಲರೆದುರು ಹೊಗಳಿರಲಿಲ್ಲ.

ಫೆಬ್ರವರಿ 15, ಶನಿವಾರ

ಸೇರಿದೆ. ತರಬೇತಿಯ ಶುಲ್ಕಕ್ಕೆ ನಮ್ಮಿಬ್ಬರ ಹೆಸರಿನಲ್ಲಿದ್ದ ಠೇವಣಿ ಮುರಿಸಬೇಕಾಯಿತು. ನಾದಿನಿ ಓದದೆ ಸಹಿ ಹಾಕಿದಳು. ಓದು ಎಂದರೆ, ‘ನೀವು ಓದಿದೀರಲ್ಲ,’ ಎಂದಳು.

ಓದಿದ್ದೇನೆ. ಕರಾರು ಇಪ್ಪತ್ತಮೂರು ಪುಟ. ಸುಳ್ಳು ಹೇಳುವವನು ಅಷ್ಟೊಂದು ಬರೆಯುವುದಿಲ್ಲ. ಅಳತೆ ಕೊಡುವವನು ಅಳತೆಗೆ ಹೆದರದವನು.

ಮಾರ್ಚ್ 4, ಮಂಗಳವಾರ

ಅಂಗಡಿ ತೆರೆಯಿತು. ದಿಂಬನ್ನು ಕಿಟಕಿಯ ಬಳಿ ಕುರ್ಚಿಯ ಮೇಲಿಟ್ಟು ಐವತ್ತು ಚಿತ್ರ ತೆಗೆದೆವು. ಐವತ್ತರಲ್ಲೂ ನಾದಿನಿಯ ಹೆಬ್ಬೆರಳು. ನಕ್ಕು ನಕ್ಕು ಸಾಕಾಯಿತು. ವಿವರಣೆ ನಾನೇ ಬರೆದೆ: ‘ಕೈಯಲ್ಲಿ ಹೊಲಿದ ಬೆನ್ನುದಿಂಬು. ಒಳಗೆ ಹೊಸ ಹತ್ತಿ. ಬಹಳ ಹೊತ್ತು ಕೂರುವವರಿಗೆ ಆರಾಮ. ಹೊದಿಕೆ ತೆಗೆದು ಒಗೆಯಬಹುದು.’ ಪ್ರತಿ ಮಾತೂ ನಿಜ. ಯಂತ್ರ ಊರವರ ಬಟ್ಟೆಗೆ, ದಿಂಬಿಗೆ ಸೂಜಿಯೇ; ಒಂದಕ್ಕೆ ಅವಳಿಗೆ ಒಂದೂವರೆ ದಿನ ಹಿಡಿಯುತ್ತದೆ. ಮೂಲೆಯ ಹೊಲಿಗೆ ವಾರೆಯಾದರೆ ಪೂರ್ತಿ ಬಿಚ್ಚುತ್ತಾಳೆ.

ಎದುರು ಮೇಜಿನವಳು ಮೊದಲ ಗಿರಾಕಿ. ಅವಳ ಹತ್ತಿರ ಈಗಾಗಲೇ ಒಂದಿದೆ, ಆದರೂ ತೆಗೆದುಕೊಂಡಳು.

ಮಾರ್ಚ್ 20, ಗುರುವಾರ

ಹದಿನಾರು ದಿನದಲ್ಲಿ ಮೂರು ದಿಂಬು. ಮೂರೂ ಪರಿಚಯದವರಿಗೆ.

ಕೋಚ್ ಇಂದು ಎಲ್ಲರ ಮುಂದೆ ನನ್ನ ಅಂಗಡಿಯ ಪುಟ ತೆರೆದ. ‘ಹೊದಿಕೆ ತೆಗೆದು ಒಗೆಯಬಹುದು’ ಎಂಬುದನ್ನು ಗಟ್ಟಿಯಾಗಿ ಓದಿದ. ಯಾರೋ ನಕ್ಕರು. ‘ಮೇಡಂ, ನೀವು ಮಾರ್ತಿರೋದು ದಿಂಬಲ್ಲ. ನೋವಿಲ್ಲದ ಬೆನ್ನು. ಅದನ್ನ ಹೇಳೋಕೆ ನಿಮಗೆ ನಾಚಿಕೆ ಯಾಕೆ?’

ಯೋಚಿಸಿದರೆ ಸರಿಯೇ. ಬೆನ್ನಿಗೆ ಆನಿಕೆ ಸಿಕ್ಕರೆ ನೋವು ಕಮ್ಮಿಯಾಗುತ್ತದೆ. ಕಮ್ಮಿಯಾಗುತ್ತ ಆಗುತ್ತ ಹೋಗಿಯೂ ಬಿಡಬಹುದು. ಸಂಜೆ ಕೂತು ಹೊಸದಾಗಿ ಬರೆದೆ: ‘ಇಪ್ಪತ್ತೊಂದು ದಿನ ಬಳಸಿ. ಬೆನ್ನುನೋವನ್ನು ಮರೆತೇಬಿಡಿ.’ ನಾದಿನಿಗೆ ಓದಿ ಹೇಳಿದೆ.

‘ಯಾರು ಎಣಿಸಿದ್ರು ಅತ್ತಿಗೆ, ಈ ಇಪ್ಪತ್ತೊಂದನ್ನ?’

‘ಮಾತಿಗೆ ಹಾಗೆ ಹೇಳೋದು.’

‘ಮಾತಿಗಾದ್ರೆ “ಕೆಲವು ದಿನ” ಅಂತ ಬರೀಬಹುದಲ್ಲ.’

ಹೊಲಿಯುವವಳಿಗೆ ಮಾತಿನ ಕಸುಬು ತಿಳಿಯದು. ‘ಮರೆತೇಬಿಡಿ’ ಎಂಬುದು ಬರೀ ಸಲಹೆ, ಭರವಸೆಯಲ್ಲ. ವಕೀಲರು ಇದ್ದಿದ್ದರೆ ಒಪ್ಪುತ್ತಿದ್ದರು.

ಮಾರ್ಚ್ 22, ಶನಿವಾರ

ಗಿರಾಕಿಗಳ ಅಭಿಪ್ರಾಯವಿಲ್ಲದ ಅಂಗಡಿಗೆ ಯಾರೂ ಬರುವುದಿಲ್ಲ. ಏಳು ಬರೆದೆ. ಒಬ್ಬರು ಬ್ಯಾಂಕ್ ಗುಮಾಸ್ತರು, ಒಬ್ಬರು ದಾದಿ. ಮೂರನೆಯವರಿಗೆ ಒಬ್ಬ ಮೊಮ್ಮಗಳನ್ನೂ ಕೊಟ್ಟೆ, ಈಗ ಅವಳನ್ನು ಎತ್ತಿಕೊಳ್ಳಲು ಆಗುತ್ತಿದೆಯಂತೆ. ಬರೆಯುವಾಗ ನನಗೇ ಖುಷಿಯಾಯಿತು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂದಿದ್ದಾರೆ. ನಾನು ಏಳರಲ್ಲಿ ನಿಲ್ಲಿಸಿದ್ದೇನೆ.

ಏಪ್ರಿಲ್ 8, ಮಂಗಳವಾರ

ಈ ವಾರ ಇಪ್ಪತ್ತಾರು ಆರ್ಡರ್. ನಾದಿನಿ ಒಬ್ಬಳಿಂದ ಆಗುವ ಕೆಲಸವಲ್ಲ. ಬೆರಳ ತುದಿ ಒಡೆದು ಬಟ್ಟೆಗೆ ರಕ್ತ ಹತ್ತಿತೆಂದು ನಿನ್ನೆ ಒಂದು ದಿಂಬನ್ನೇ ಬದಿಗಿಟ್ಟಳು.

ಕೋಚ್ ಒಂದು ಸಗಟು ಗೋದಾಮಿನ ವಿಳಾಸ ಕೊಟ್ಟ. ಹೋಗಿ ಬಂದೆ. ತಗಡಿನ ಚಾವಣಿ, ಒಳಗೆ ಎದೆ ಎತ್ತರಕ್ಕೆ ದಿಂಬಿನ ಮೂಟೆಗಳು, ಸೀಮೆಎಣ್ಣೆಯಂಥ ವಾಸನೆ. ಬೆಲೆ ನಮ್ಮ ಹತ್ತಿಯ ಖರ್ಚಿಗಿಂತ ಕಮ್ಮಿ. ನಮ್ಮ ಹೆಸರಿನ ಚೀಟಿ ಹೊಲಿದು ಕಳಿಸಿದರಾಯಿತು. ‘ಕೈಯಲ್ಲಿ ಹೊಲಿದದ್ದು’ ಎಂಬ ಸಾಲನ್ನು ತೆಗೆಯಬೇಕೇ ಎಂದು ದಾರಿಯುದ್ದಕ್ಕೂ ಯೋಚಿಸಿದೆ. ಯಾರೋ ಒಬ್ಬರ ಕೈ ಬಟ್ಟೆಯನ್ನು ಯಂತ್ರದ ಕೆಳಗೆ ತಳ್ಳಿರುತ್ತದೆ ತಾನೆ. ಹಾಗೇ ಬಿಟ್ಟೆ.

ನಾದಿನಿಗೆ ಚೀಟಿ ಹೊಲಿಯುವ ಕೆಲಸ ಕೊಟ್ಟೆ. ಒಂದು ಗಂಟೆ ಹೊಲಿದು ಎದ್ದುಹೋದಳು. ಮಿಕ್ಕಿದ್ದನ್ನು ನಾನೇ ಅಂಟಿಸಿದೆ. ಅಂಟು ಬೇಗ ಆಗುತ್ತದೆ.

ಏಪ್ರಿಲ್ 24, ಗುರುವಾರ

ಹೋದ ವಾರ ಕೋಚ್ ತನ್ನ ಜಾಹೀರಾತಿಗೆ ನನ್ನಿಂದ ಎರಡು ಮಾತು ಹೇಳಿಸಿ ವೀಡಿಯೋ ಮಾಡಿಕೊಂಡಿದ್ದ. ಗಳಿಕೆ ಎಷ್ಟೆಂದು ಹೇಳಲು ಒಪ್ಪಲಿಲ್ಲ, ಏಕೆಂದರೆ ಜಾಹೀರಾತಿನ ಖರ್ಚು ಕಳೆದರೆ ಉಳಿಯುವುದು ಹೆಚ್ಚೇನಿಲ್ಲ. ‘ನನ್ನ ಬದುಕೇ ಬದಲಾಯಿತು’ ಎಂದಷ್ಟೇ ಹೇಳಿದೆ. ಬದಲಾಗಿದೆ ಎನ್ನುವುದಂತೂ ನಿಜ.

ಇವತ್ತು ಎದುರು ಮೇಜಿನವಳ ಫೋನು.

‘ನಿನ್ನ ವೀಡಿಯೋ ನೋಡ್ದೆ ಕಣೇ. ಎಷ್ಟು ಚೆನ್ನಾಗಿ ಕಾಣ್ತೀಯ. ನಾನೂ ಸೇರ್ಬೇಕು ಅಂತಿದೀನಿ. ಮಗಳ ಓದಿಗೆ ಅಂತ ಇಟ್ಟಿದ್ದು ಸ್ವಲ್ಪ ಇದೆ.’

‘ಯೋಚನೆ ಮಾಡು.’

‘ನಿನ್ನ ಕಣ್ಣಿಗೆ ಮಣ್ಣೆರಚೋನು ಇನ್ನೂ ಹುಟ್ಟಿಲ್ಲ. ನೀನು ಸೇರಿದೀಯ ಅಂದ್ಮೇಲೆ ನಾನು ಯೋಚನೆ ಮಾಡೋದೇನು?’

ಯೋಚನೆ ಮಾಡು ಎಂದು ನಾನು ಎರಡು ಸಲ ಹೇಳಿದೆ. ಸಂಜೆಯೊಳಗೆ ಸೇರಿದಳು. ನನ್ನ ಮೂಲಕ ಬಂದವಳೆಂದು ಮುಂದಿನ ಹಂತದ ತರಬೇತಿಯಲ್ಲಿ ನನಗೆ ರಿಯಾಯಿತಿ ಸಿಗುತ್ತದೆ. ಅದನ್ನು ಬೇಡವೆಂದರೆ ಅವಳಿಗೇನೂ ಲಾಭವಿಲ್ಲ.

ಮೇ 2, ಶುಕ್ರವಾರ

ಒಬ್ಬ ಹೆಂಗಸಿನ ಕರೆ. ಗಂಡ ನಿವೃತ್ತ ಬಸ್ ಚಾಲಕರು. ಬೆನ್ನಿನ ನರಕ್ಕೆ ಶಸ್ತ್ರಚಿಕಿತ್ಸೆ ಆಗಬೇಕೆಂದು ಆಸ್ಪತ್ರೆಯವರು ದಿನ ಕೊಟ್ಟಿದ್ದರಂತೆ. ನಮ್ಮ ದಿಂಬು ನೋಡಿದ ಮೇಲೆ, ಇಪ್ಪತ್ತೊಂದು ದಿನ ನೋಡೋಣ ಎಂದು ಅದನ್ನು ಮುಂದೂಡಿದರಂತೆ. ಈಗ ಎಡಗಾಲು ಮರಗಟ್ಟಿದೆ. ಆಕೆ ಕೂಗಾಡಲಿಲ್ಲ. ‘ಇನ್ನೂ ಎಷ್ಟು ದಿನ ಇಡಬೇಕು ಅಂತ ಕೇಳೋಕೆ ಮಾಡಿದೆ,’ ಎಂದರು.

ನನ್ನ ಬಾಯಿಂದ ಹಳೆಯ ಮಾತುಗಳು ತಾವಾಗಿ ಬಂದವು. ನಿಮಗಾದ ತೊಂದರೆ ಅರ್ಥವಾಗುತ್ತೆ. ಪ್ರತಿಯೊಬ್ಬರ ದೇಹ ಬೇರೆ. ವೈದ್ಯರ ಸಲಹೆಗೆ ಇದು ಬದಲಿಯಲ್ಲ. ನಾಲ್ಕು ನಿಮಿಷದಲ್ಲಿ ಮುಗಿಯಿತು. ಕೊನೆಗೆ ಆಕೆಯೇ, ‘ನಿಮಗೆ ತೊಂದ್ರೆ ಕೊಟ್ಟೆ,’ ಎಂದರು.

ಕೂಡಲೇ ಪುಟದ ಅಡಿಯಲ್ಲಿ ‘ಫಲಿತಾಂಶ ವ್ಯಕ್ತಿಯಿಂದ ವ್ಯಕ್ತಿಗೆ ಬದಲಾಗಬಹುದು’ ಎಂದು ಸಣ್ಣ ಅಕ್ಷರದಲ್ಲಿ ಸೇರಿಸಿದೆ. ಮೊದಲೇ ಸೇರಿಸಬೇಕಿತ್ತು. ತಪ್ಪು ನನ್ನದೇ.

ಮೇ 6, ಮಂಗಳವಾರ

ನಾದಿನಿ ಆ ಚಾಲಕರ ಮನೆಗೆ ಹೋಗಿದ್ದಳು. ಕರೆ ಬಂದ ದಿನ ಒಳಕೋಣೆಯಿಂದ ಕೇಳಿಸಿಕೊಂಡಿದ್ದಾಳೆ, ಆರ್ಡರ್ ಪಟ್ಟಿಯಿಂದ ವಿಳಾಸ ಬರೆದುಕೊಂಡಿದ್ದಾಳೆ. ಎರಡು ಬಸ್ಸು ಬದಲಿಸಿ ಹೋಗಿ ಮಧ್ಯಾಹ್ನ ಬಂದಳು. ಚಪ್ಪಲಿ ಬಿಡದೆ ಹೊಸ್ತಿಲಲ್ಲೇ ನಿಂತಳು.

‘ಅವರ ಗೋಡೇಲಿ ಕ್ಯಾಲೆಂಡರ್ ಇದೆ ಅತ್ತಿಗೆ. ಒಂದೊಂದು ದಿನಕ್ಕೂ ಗೀಟು ಹಾಕಿದಾರೆ. ಇಪ್ಪತ್ತೊಂದು ಆದ್ಮೇಲೂ ಹಾಕಿದಾರೆ. ಮೊದಲನೇ ದಿನ ತಪ್ಪಾಗಿ ಎಣಿಸಿರಬೇಕು ಅಂದ್ರು.’

‘ಡಾಕ್ಟರ ಹತ್ರ ಹೋಗ್ಬೇಡಿ ಅಂತ ನಾವೆಲ್ಲೂ ಬರೆದಿಲ್ಲ.’

‘ಹೋಗೋದು ಬೇಕಿಲ್ಲ ಅನ್ನೋ ಹಾಗೆ ಬರೆದಿದೀರಿ.’

‘ಅದು ಸ್ವಲ್ಪ ಬಣ್ಣ ಕಟ್ಟಿ ಹೇಳೋದು. ಮಾರೋರೆಲ್ಲ ಹೇಳ್ತಾರೆ. ಉತ್ಪ್ರೇಕ್ಷೆಗೂ ಮೋಸಕ್ಕೂ ವ್ಯತ್ಯಾಸ ಇದೆ.’

‘ಇರಬಹುದು. ಆ ಮನುಷ್ಯನ ಕಾಲಿಗೆ ಅದು ಗೊತ್ತಾಗಲಿಲ್ಲ.’

ಅವಳು ಮುಂದುವರಿಸಿದಳು.

‘ದಿಂಬು ಬಿಚ್ಚಿದೆ. ಒಳಗೆ ಬರೀ ಚಿಂದಿ. ಎಣ್ಣೆ ಒರೆಸಿದ ಚಿಂದಿ. ಇದು ನಾನು ಹೊಲಿದದ್ದಲ್ಲ, ನನ್ನ ಹೆಸರಲ್ಲಿ ಕಳಿಸಿದ್ದು ಅಂತ ಹೇಳಿದೆ. ನನ್ನದೊಂದು ಕೊಟ್ಟು, ಇದರಿಂದ ನೋವು ಹೋಗಲ್ಲ, ಕೂರೋಕೆ ಮೆತ್ತಗಿರುತ್ತೆ ಅಷ್ಟೆ, ನಾಳೆನೇ ಆಸ್ಪತ್ರೆಗೆ ಹೋಗಿ ಅಂದೆ.’

‘ಅವರ ಮುಂದೆಯೇ ಬಿಚ್ಚಿದ್ಯಾ?’

‘ಹೂಂ.’

‘ಫೋಟೋ ತೆಗೆದ್ರಾ?’

ಅವಳು ನನ್ನನ್ನು ಬಹಳ ಹೊತ್ತು ನೋಡಿದಳು. ಯಾಕೆ ಹಾಗೆ ನೋಡಿದಳೋ ತಿಳಿಯದು. ಕೇಳಲೇಬೇಕಾದ ಪ್ರಶ್ನೆ ಅದು.

ಮೇ 11, ಭಾನುವಾರ

ಮೂಲೆಯ ಲಾಂಡ್ರಿಯವರು ಹಿಂದಿನ ಕೋಣೆಯನ್ನು ಬಾಡಿಗೆಗೆ ಕೊಟ್ಟಿದ್ದಾರಂತೆ. ನಾದಿನಿ ಹೊಲಿಗೆ ಯಂತ್ರ, ಕತ್ತರಿ, ಹಾಸಿಗೆ ತೆಗೆದುಕೊಂಡು ಹೋದಳು. ಕೈಗಾಡಿಗೆ ಯಂತ್ರ ಏರಿಸಲು ನಾನೂ ಒಂದು ಕಡೆ ಹಿಡಿದೆ. ಜಗಳವೇನೂ ಆಗಲಿಲ್ಲ. ‘ಅಣ್ಣನ ಫೋಟೋ ಇಲ್ಲೇ ಇರಲಿ,’ ಎಂದಳು.

ಮುಂದಿನ ಕೋಣೆ ಈಗ ವಿಶಾಲವಾಗಿದೆ. ಗೋದಾಮಿನ ಮೂಟೆ ಇಡಲು ಜಾಗವಾಯಿತು.

ಮೇ 19, ಸೋಮವಾರ

ತೊಂಬತ್ತು ದಿನ ಮುಗಿಯಿತು. ಕೂಡಿಸಿ ಕಳೆದರೆ ಶುಲ್ಕದ ಎರಡರಷ್ಟು ಹಾಗಿರಲಿ, ಅರ್ಧವೂ ಇಲ್ಲ. ವಾಪಸ್ ಕೇಳಲು ಕೋಚ್‌ನ ಕಚೇರಿಗೇ ಹೋದೆ. ಟೈರ್ ಅಂಗಡಿಯ ಮೇಲೆ ಎರಡು ಕೋಣೆ. ವೀಡಿಯೋಗಳಲ್ಲಿ ಅವನ ಹಿಂದೆ ಕಾಣುವ ಪುಸ್ತಕದ ಕಪಾಟು ಗೋಡೆಗೆ ಅಂಟಿಸಿದ ಕಾಗದ. ಒಂದು ಮೂಲೆ ಎದ್ದು ಸುರುಳಿಯಾಗಿತ್ತು.

ಅವನು ಕರಾರಿನ ಹತ್ತೊಂಬತ್ತನೇ ಪುಟ ತೋರಿಸಿದ. ಪ್ರತಿದಿನದ ಅಭ್ಯಾಸವನ್ನು ಸಂಜೆ ಎಂಟರೊಳಗೆ ಕಳಿಸಬೇಕು. ಮಾರ್ಚ್ ಹನ್ನೊಂದರಂದು ನಾನು ಕಳಿಸಿದ್ದು ಎಂಟು ಇಪ್ಪತ್ತಕ್ಕೆ.

‘ಅವತ್ತು ನನ್ನ ನಾದಿನಿಗೆ ಜ್ವರ ಇತ್ತು,’ ಎಂದೆ. ಆಮೇಲೆ, ಹದಿನೇಳು ವರ್ಷದಲ್ಲಿ ಈ ಬಗೆಯ ಮಾತನ್ನು ನಾನು ಎಷ್ಟು ಸಾವಿರ ಸಲ ಕೇಳಿದ್ದೇನೆ ಎನಿಸಿ ಮುಖ ಬಿಸಿಯಾಯಿತು. ‘ಇದು ಮೋಸ. ಬಣ್ಣದ ಮಾತಲ್ಲ, ಅಪ್ಪಟ ಮೋಸ. ವಾಪಸ್ ಕೊಡೋ ಉದ್ದೇಶ ಮೊದಲಿಂದಲೂ ಇರಲಿಲ್ಲ. ಉದ್ದೇಶ ಇಲ್ಲದೆ ಕೊಟ್ಟ ಮಾತೇ ಮೋಸ. ದೂರು ಬರೆಯೋದು ಹೇಗೆ ಅಂತ ನನಗೆ ಗೊತ್ತು. ಎಲ್ಲಿಗೆ ಬರೀಬೇಕು ಅನ್ನೋದೂ ಗೊತ್ತು.’

ಅವನು ಸಿಟ್ಟಾಗಲಿಲ್ಲ. ಎದ್ದು ಹೋಗಿ ಎರಡು ಲೋಟ ಚಹಾ ತಂದ. ‘ನಿಮ್ಮ ಥರ ಇದನ್ನ ಇಷ್ಟು ಸ್ಪಷ್ಟವಾಗಿ ಯಾರೂ ಹೇಳಿಲ್ಲ ಮೇಡಂ. ಬೇರೆಯವರು ಬರೀ ಬೈತಾರೆ. ದಿನಕ್ಕೆ ಹತ್ತು ಹನ್ನೆರಡು ಫೋನು. ನಮ್ಮ ಹುಡುಗೀರಿಗೆ ಸಂಭಾಳಿಸೋಕೆ ಆಗ್ತಿಲ್ಲ. ನೀವು ಬರ್ತೀರಾ? ತಿಂಗಳಿಗೆ ಸಂಬಳ. ಹಳೇ ಕಂಪನಿಗಿಂತ ಜಾಸ್ತಿನೇ ಕೊಡ್ತೀನಿ.’

ಚಹಾ ಚೆನ್ನಾಗಿತ್ತು. ಯೋಚನೆ ಮಾಡುತ್ತೇನೆ ಎಂದು ಬಂದೆ.

ಮೇ 20, ಮಂಗಳವಾರ

ಒಪ್ಪಿದೆ. ಒಳಗಿದ್ದರೆ ಜನರಿಗೆ ಸ್ವಲ್ಪವಾದರೂ ಒಳ್ಳೆಯದು ಮಾಡಬಹುದು. ಹೊರಗೆ ನಿಂತು ಕೂಗಿದರೆ ಯಾರಿಗೆ ಲಾಭ?

ಜೂನ್ 2, ಸೋಮವಾರ

ಮೊದಲ ದಿನ. ಬೆಳಿಗ್ಗೆ ಚೀಲ ಹೆಗಲಿಗೇರಿಸಿ ಹೊರಟಾಗ ಎಂಥ ಹಗುರ. ನನ್ನ ವಿಭಾಗದ ಹೆಸರು ‘ಸದಸ್ಯರ ಹಿತ’. ಇಲ್ಲಿ ದೂರು ಎನ್ನುವಂತಿಲ್ಲ, ‘ಅನುಭವ’ ಎನ್ನಬೇಕು. ಇಬ್ಬರು ಹುಡುಗಿಯರಿಗೆ ಫೋನಿನಲ್ಲಿ ತಗ್ಗಿ ಮಾತಾಡುವುದನ್ನು ಕಲಿಸಿದೆ. ಬೈಯುವವರನ್ನು ತಡೆಯಬಾರದು, ಬೈದು ದಣಿಯಲು ಬಿಡಬೇಕು. ದಣಿದವರು ಒಳ್ಳೆಯವರಾಗುತ್ತಾರೆ.

ಕರಾರನ್ನೂ ತಿದ್ದಿಕೊಟ್ಟೆ. ಎಂಟು ಗಂಟೆಯ ನಿಯಮ ಕ್ರೂರವಾದದ್ದು, ತೆಗೆಸಿಹಾಕಿದೆ. ನ್ಯಾಯಾಲಯದಲ್ಲೂ ನಿಲ್ಲುತ್ತಿರಲಿಲ್ಲ. ಅದರ ಜಾಗದಲ್ಲಿ ‘ಅಭ್ಯಾಸಗಳನ್ನು ಮನಃಪೂರ್ವಕವಾಗಿ ಮಾಡಿರತಕ್ಕದ್ದು’ ಎಂದು ಹಾಕಿಸಿದೆ. ಕೋಚ್ ಓದಿ, ‘ಅದ್ಭುತ,’ ಎಂದ. ಹಳಬರಿಗೂ ಇದು ಅನ್ವಯಿಸುತ್ತದೆ. ಕರಾರು ಆಗಾಗ ಬದಲಾಗಬಹುದೆಂದು ನಾಲ್ಕನೇ ಪುಟದಲ್ಲೇ ಇದೆ.

ಜೂನ್ 27, ಶುಕ್ರವಾರ

ಸಂಬಳ ಬಂತು. ಮುರಿಸಿದ ಠೇವಣಿಯಲ್ಲಿ ನಾದಿನಿಯ ಪಾಲೆಂದು ಸ್ವಲ್ಪ ತೆಗೆದುಕೊಂಡು ಲಾಂಡ್ರಿಗೆ ಹೋದೆ. ಆವಿಯಲ್ಲಿ ಅವಳ ಮುಖ ಸರಿಯಾಗಿ ಕಾಣಲಿಲ್ಲ. ‘ಎಲ್ಲಿಂದ ಬಂದದ್ದು?’ ಎಂದಳು. ಹೇಳಿದೆ. ಲಕೋಟೆಯನ್ನು ಮುಟ್ಟಲಿಲ್ಲ. ಚಾಲಕರಿಗೆ ಶಸ್ತ್ರಚಿಕಿತ್ಸೆ ಆಯಿತಂತೆ. ಕಾಲು ಪೂರ್ತಿ ಸರಿಹೋಗುವುದಿಲ್ಲವಂತೆ, ಕೋಲು ಹಿಡಿದು ಓಡಾಡುತ್ತಾರಂತೆ.

ಅವಳು ಮೊದಲಿಂದಲೂ ಹಟಮಾರಿ. ಲಕೋಟೆ ವಾಪಸ್ ತಂದೆ.

ಜುಲೈ 29, ಮಂಗಳವಾರ

ಹನ್ನೊಂದು ಗಂಟೆಗೆ ಕರೆ. ‘ಹಲೋ’ ಅಂದ ಕೂಡಲೇ ಗುರುತು ಸಿಕ್ಕಿತು. ಎದುರು ಮೇಜಿನವಳು.

‘ಅಯ್ಯೋ, ನೀನಾ? ಸದ್ಯ. ಬೆಳಗ್ಗಿಂದ ಏನು ಹೇಳ್ಬೇಕು ಅಂತ ಬಾಯಿಪಾಠ ಮಾಡ್ತಿದ್ದೆ ಕಣೇ. ಇನ್ನು ನನ್ನ ದುಡ್ಡು ವಾಪಸ್ ಬಂದ ಹಾಗೇ ಬಿಡು.’

ಅವಳ ಪುಟ ತೆರೆದೆ. ತೊಂಬತ್ತು ದಿನ, ತೊಂಬತ್ತು ಹಸಿರು ಗುರುತು. ಒಂದೂ ತಪ್ಪಿಲ್ಲ, ಒಂದೂ ತಡವಾಗಿಲ್ಲ. ಮಗಳ ಶುಲ್ಕ ಕಟ್ಟಲು ಶುಕ್ರವಾರ ಕೊನೆಯ ದಿನವಂತೆ.

ನಾನು ನಿಧಾನವಾಗಿ ಮಾತಾಡಿದೆ. ಅಭ್ಯಾಸಗಳೆಲ್ಲ ಬಂದಿವೆ, ಆದರೆ ಹಲವು ಉತ್ತರಗಳು ಎರಡೇ ಸಾಲಿನವು, ಮನಃಪೂರ್ವಕ ಎಂದು ಪರಿಗಣಿಸಲು ಸಮಿತಿಗೆ ಕಷ್ಟ ಎಂದೆ. ಸಮಿತಿ ಎಂದರೆ ನಾನೇ. ಆದರೆ ಹಾಗೆ ಹೇಳುವುದು ವಾಡಿಕೆ.

ಬೈಯಲಿ ಎಂದು ಕಾದೆ. ಬೈಯಲಿಲ್ಲ.

‘ನಾನು ಮನಸ್ಸಿಟ್ಟೇ ಮಾಡಿದ್ದೆ ಅನ್ಕೊಂಡಿದ್ದೆ,’ ಎಂದಳು. ‘ಬರೆಯೋದು ನನಗೆ ಅಷ್ಟು ಬರಲ್ಲ. ಆದ್ರೆ ನೀನು ನೋಡಿ ಹೇಳ್ತಿದೀಯ ಅಂದ್ರೆ ನನ್ನದೇ ತಪ್ಪಿರುತ್ತೆ.’

‘ಬೇಜಾರು ಮಾಡ್ಕೋಬೇಡ.’

‘ಇಲ್ಲಪ್ಪ. ಬೇರೆ ಯಾರೋ ಆಗಿದ್ರೆ ಮೋಸ ಹೋದೆ ಅನ್ಕೋತಿದ್ದೆ. ನೀನಿದ್ದದ್ದು ಒಳ್ಳೇದಾಯ್ತು. ಊಟ ಆಯ್ತಾ ನಿಂದು?’

ಇನ್ನೂ ಇಲ್ಲ ಎಂದೆ. ಹೊತ್ತಿಗೆ ಸರಿಯಾಗಿ ಊಟ ಮಾಡು ಎಂದು ಹೇಳಿ ಫೋನಿಟ್ಟಳು.

ಕರೆ ಮುಗಿದ ಮೇಲೆ ಸೇವೆ ಹೇಗಿತ್ತೆಂದು ಕೇಳುವ ಸಂದೇಶ ತಾನಾಗಿ ಹೋಗುತ್ತದೆ. ಐದಕ್ಕೆ ಐದು ಕೊಟ್ಟಿದ್ದಾಳೆ. ಈ ತಿಂಗಳು ನನಗಿದು ನಾಲ್ಕನೆಯದು. ಹುಡುಗಿಯರಿಗೆ ಇನ್ನೂ ಒಂದೂ ಬಂದಿಲ್ಲ.